ಚಿಕಾನೋ ಪತ್ರಿಕೋದ್ಯಮ ಅಂದರೆ ಯಾವುದು? ಸಲಾಸರ್ ಅವರದ್ದಾ, ಚಳವಳಿಯ ಪೇಪರುಗಳದ್ದಾ?

ಸುಮಾ_ಹಾಸನ
ಎಲ್ಲರಿಗೂ ನಮಸ್ಕಾರ. ನಾನು ಪತ್ರಿಕೋದ್ಯಮದಲ್ಲಿ ಎಂ.ಎ. ಓದುತ್ತಿದ್ದೇನೆ. ಸೆಮಿನಾರಿಗೆ ಅಮೆರಿಕದ ಚಿಕಾನೋ ಪತ್ರಿಕೆಗಳ ವಿಷಯ ತೆಗೆದುಕೊಂಡಿದ್ದೇನೆ. ಚಿಕಾನೋ ಅಂದರೆ ಅಮೆರಿಕದಲ್ಲೇ ಬೇರು ಬಿಟ್ಟ ಮೆಕ್ಸಿಕನ್ ಮೂಲದವರು, ಅದರಲ್ಲೂ 1960ರ ದಶಕದ ಹೋರಾಟದಲ್ಲಿ ಆ ಹೆಸರನ್ನು ಹೆಮ್ಮೆಯಿಂದ ಇಟ್ಟುಕೊಂಡವರು. ಯಾವ ಪುಸ್ತಕ ತೆರೆದರೂ ಮೊದಲು ಸಿಗುವ ಹೆಸರು ರೂಬೆನ್ ಸಲಾಸರ್. ಅವರು ಲಾಸ್ ಏಂಜಲೀಸ್ ಟೈಮ್ಸ್ ಎಂಬ ದೊಡ್ಡ ಇಂಗ್ಲಿಷ್ ಪೇಪರಿನ ವರದಿಗಾರ. ಅದೇ ಕಾಲದಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ಕೂತು ಹುಡುಗ ಹುಡುಗಿಯರು ತಂದ 'ಲಾ ರಾಸಾ' ಇದೆ, ತೋಟದ ಕೂಲಿಗಳ 'ಎಲ್ ಮಾಲ್‌ಕ್ರಿಯಾದೊ' ಇದೆ. ನಮ್ಮ ಗೈಡ್ ಪ್ರಕಾರ ಈ ಎರಡನೇ ಥರದವು ಪತ್ರಿಕೋದ್ಯಮವೇ ಅಲ್ಲ, ಚಳವಳಿಯ ಕರಪತ್ರ. ನನಗೆ ಅದನ್ನು ಒಪ್ಪೋಕೆ ಆಗುತ್ತಿಲ್ಲ. ಆದರೆ ಸುಮ್ನೆ 'ಒಪ್ಪಲ್ಲ' ಅಂದರೆ ನಡೆಯಲ್ಲ, ಕಾರಣ ಕೊಡಬೇಕು. ಇದರ ಬಗ್ಗೆ ಓದಿದವರು, ಅಲ್ಲಿ ಇದ್ದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

ತುಂಗಾತೀರ
ಒಳ್ಳೆ ವಿಷಯ. ಆದರೆ 60ರ ದಶಕಕ್ಕೆ ಮುಂಚೆ ಇವರದ್ದು ಅಂತ ಪೇಪರ್ ಏನೂ ಇರಲಿಲ್ಲ ಅಲ್ವಾ? ಅಲ್ಲಿಂದಲೇ ಶುರು ಮಾಡಿದರೆ ಸಾಕು ಅನಿಸುತ್ತದೆ.

ಹಳೇಪೇಪರ್
@ತುಂಗಾತೀರ ಖಂಡಿತ ಇತ್ತು. ನೂರು ವರ್ಷ ಹಿಂದಕ್ಕೆ ಹೋಗಬೇಕು.

1848ರಲ್ಲಿ ಮೆಕ್ಸಿಕೊ-ಅಮೆರಿಕ ಯುದ್ಧ ಮುಗಿದು ಗ್ವಾದಲೂಪೆ ಹಿದಾಲ್ಗೊ ಒಪ್ಪಂದ ಆಯಿತು. ಕ್ಯಾಲಿಫೋರ್ನಿಯಾ, ನ್ಯೂ ಮೆಕ್ಸಿಕೊ ಎಲ್ಲ ಅಮೆರಿಕದ ಕೈಗೆ ಹೋಯಿತು. ಅಲ್ಲಿದ್ದ ಜನ ಎಲ್ಲಿಗೂ ವಲಸೆ ಹೋಗಲಿಲ್ಲ, ಇದ್ದಲ್ಲೇ ಇದ್ದರು, ದೇಶ ಬದಲಾಯಿತು. 1855ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಫ್ರಾನ್ಸಿಸ್ಕೊ ರಾಮಿರೆಸ್ ಅನ್ನುವ ಹದಿನೆಂಟರ ಹುಡುಗ 'ಎಲ್ ಕ್ಲಮೋರ್ ಪೂಬ್ಲಿಕೊ' ಅಂತ ಸ್ಪ್ಯಾನಿಷ್ ವಾರಪತ್ರಿಕೆ ಶುರು ಮಾಡಿದ. ಅದಕ್ಕೆ ಮುಂಚೆ ಊರಿನ ಇಂಗ್ಲಿಷ್ ಪೇಪರಿನ ಸ್ಪ್ಯಾನಿಷ್ ಪುಟಕ್ಕೆ ಅಚ್ಚಿನ ಮೊಳೆ ಜೋಡಿಸುತ್ತಿದ್ದ. ಆ ಕಾಲದಲ್ಲಿ ಮೆಕ್ಸಿಕನ್ನರನ್ನು ಹಿಡಿದು ವಿಚಾರಣೆಯೇ ಇಲ್ಲದೆ ಮರಕ್ಕೆ ನೇತುಹಾಕುತ್ತಿದ್ದರು. ಅದನ್ನು ವಾರ ವಾರ ಬರೆದ. ಗುಲಾಮಗಿರಿ ತಪ್ಪು ಅಂತಲೂ ಬರೆದ. ಈ ದೇಶದ ಸಂವಿಧಾನ ನಮಗೂ ಅನ್ವಯಿಸುತ್ತೆ, ಹಾಗಿದ್ದರೆ ಅದನ್ನು ಪಾಲಿಸಿ ಅನ್ನುವುದು ಅವನ ವಾದ. ದುಡ್ಡಿಲ್ಲದೆ 1859ರ ಕೊನೆಗೆ ಪೇಪರ್ ನಿಂತಿತು. ಆಗ ಅವನಿಗೆ ಇಪ್ಪತ್ತೆರಡು.

ನನ್ನ ಮಟ್ಟಿಗೆ ಚಿಕಾನೋ ಪತ್ರಿಕೋದ್ಯಮದ ಮೊದಲ ಪುಟ ಇದೇ. ಸುಮಾ ಅವರೇ, ನಿಮ್ಮ ಗೈಡ್‌ಗೆ ಇದನ್ನು ತೋರಿಸಿ. ಊರಲ್ಲಿ ನಡೆದ ಕೊಲೆಗಳ ಬಗ್ಗೆ ಬರೆಯುವುದು ಕರಪತ್ರವಾ?

ಕಲಬುರ್ಗಿ_ಹುಡುಗ
ಹದಿನೆಂಟು!! ನಾನು ಆ ವಯಸ್ಸಲ್ಲಿ ಪಿಯುಸಿ ಬರೀತಿದ್ದೆ.

ಮೇಷ್ಟ್ರು_ಶಿವಮೊಗ್ಗ
ಹಳೇಪೇಪರ್ ಹೇಳಿದ್ದು ಸರಿ, ಆದರೆ ರಾಮಿರೆಸ್‌ನನ್ನು 'ಚಿಕಾನೋ' ಅನ್ನುವುದಕ್ಕೆ ನನ್ನ ತಕರಾರಿದೆ. ಆತ ತನ್ನನ್ನು ಹಾಗೆ ಕರೆದುಕೊಳ್ಳಲಿಲ್ಲ. ಸ್ಪ್ಯಾನಿಷ್ ಪತ್ರಿಕೆ ಎಲ್ಲವೂ ಚಿಕಾನೋ ಪತ್ರಿಕೆ ಅಲ್ಲ. ಇಗ್ನಾಸಿಯೊ ಲೊಸಾನೊ 1913ರಲ್ಲಿ ಸ್ಯಾನ್ ಆಂಟೋನಿಯೊದಲ್ಲಿ 'ಲಾ ಪ್ರೆನ್ಸಾ' ಶುರು ಮಾಡಿದರು, 1926ರಲ್ಲಿ ಲಾಸ್ ಏಂಜಲೀಸ್‌ನಲ್ಲಿ 'ಲಾ ಒಪಿನಿಯೋನ್'. ಎರಡೂ ದೊಡ್ಡ ಪೇಪರುಗಳೇ. ಆದರೆ ಅವರ ಕಣ್ಣು ಇದ್ದದ್ದು ಮೆಕ್ಸಿಕೊ ಕಡೆಗೆ. ಕ್ರಾಂತಿಯ ಗಲಾಟೆಯಲ್ಲಿ ಓಡಿ ಬಂದ ಅನುಕೂಲಸ್ಥರು ಒಂದು ದಿನ ವಾಪಸ್ ಹೋಗುತ್ತೇವೆ ಅಂತ ಓದುತ್ತಿದ್ದ ಪೇಪರ್ ಅದು. ಭಾಷೆ ಮಡಿ ಮಡಿ. ಬೀದಿಯ ಹುಡುಗರ ಮಾತಿಗೆ ಅಲ್ಲಿ ಜಾಗ ಇರಲಿಲ್ಲ.

ಚಿಕಾನೋ ಅನ್ನುವುದು ಒಂದು ನಿಲುವು. ನಾವು ಇಲ್ಲಿಯವರೇ, ಇಲ್ಲೇ ಲೆಕ್ಕ ಚುಕ್ತಾ ಆಗಬೇಕು ಅನ್ನುವ ನಿಲುವು. ಅದು ಪತ್ರಿಕೆಯ ರೂಪದಲ್ಲಿ ಗಟ್ಟಿಯಾಗಿ ಬಂದದ್ದು 60ರ ದಶಕದಲ್ಲೇ.

ಹಳೇಪೇಪರ್
ಮೇಷ್ಟ್ರೇ, 'ನಾವು ಇಲ್ಲಿಯವರೇ' ಅನ್ನುವುದನ್ನೇ ರಾಮಿರೆಸ್ 1855ರಲ್ಲಿ ಬರೆದದ್ದು. ಕೊನೆಕೊನೆಗೆ ಬೇಸತ್ತು 'ಮೆಕ್ಸಿಕೊದ ಸೊನೋರಾಗೆ ಹೋಗಿ ನೆಲೆಸೋಣ' ಅಂದದ್ದೂ ಹೌದು. ಆದರೆ ನಿಲುವಿನ ಲೆಕ್ಕ ಹಿಡಿದರೆ ಅವನು ಒಳಗೇ ಬರುತ್ತಾನೆ. ಇನ್ನು ಲಾ ಒಪಿನಿಯೋನ್ ಬಗ್ಗೆ ಅಷ್ಟು ಬಿರುಸಾಗಿ ಹೇಳಬೇಡಿ. 1930ರ ದಶಕದಲ್ಲಿ ಮೆಕ್ಸಿಕನ್ನರನ್ನು ರೈಲು ತುಂಬಿ ಗಡಿಯಾಚೆ ಕಳಿಸಿದರಲ್ಲ, ಅದರಲ್ಲಿ ಅಮೆರಿಕದಲ್ಲೇ ಹುಟ್ಟಿದ ಮಕ್ಕಳೂ ಇದ್ದರು. ಆಗ ಆ ಜನಕ್ಕೆ ಏನಾಗುತ್ತಿದೆ ಅಂತ ದಿನಾ ಹೇಳುತ್ತಿದ್ದದ್ದು ಅದೇ ಪೇಪರ್.

ನಂದಿನಿ.ಕೆ
ಗಂಡಸರ ಪಟ್ಟಿ ಸಾಕು, ಹೋವಿತಾ ಇದಾರ್ ಹೆಸರು ಯಾರೂ ಎತ್ತಲೇ ಇಲ್ಲ. ಟೆಕ್ಸಸ್‌ನ ಗಡಿ ಊರು ಲರೇಡೊ. ಅವರ ತಂದೆ ನಿಕಾಸಿಯೊ ಇದಾರ್ 'ಲಾ ಕ್ರೋನಿಕಾ' ನಡೆಸುತ್ತಿದ್ದರು. ಮಕ್ಕಳೂ ಅದರಲ್ಲೇ ಬರೆಯುತ್ತಿದ್ದರು. 1910ರಲ್ಲಿ ರಾಕ್‌ಸ್ಪ್ರಿಂಗ್ಸ್ ಅನ್ನುವ ಊರಲ್ಲಿ ಆಂಟೋನಿಯೊ ರೊದ್ರೀಗೆಸ್ ಎಂಬವನನ್ನು ಜನರ ಗುಂಪು ಜೀವಂತ ಸುಟ್ಟಿತು. ಈ ಪೇಪರ್ ಅದನ್ನು ಬಿಡದೆ ಬರೆಯಿತು. 1911ರಲ್ಲಿ ಇದೇ ಕುಟುಂಬ ಲರೇಡೊದಲ್ಲಿ ಮೆಕ್ಸಿಕನ್ ಮೂಲದವರ ಸಮ್ಮೇಳನ ಕರೆಯಿತು. ಶಾಲೆಯಲ್ಲಿ ಮಕ್ಕಳನ್ನು ಬೇರೆ ಕೂರಿಸುವುದು, ಜಮೀನು ಕಿತ್ತುಕೊಳ್ಳುವುದು, ಗುಂಪುಕೊಲೆ, ಎಲ್ಲ ಅಲ್ಲಿ ಚರ್ಚೆಗೆ ಬಂತು.

1914ರಲ್ಲಿ ಹೋವಿತಾ 'ಎಲ್ ಪ್ರೊಗ್ರೆಸೊ' ಪೇಪರಿನಲ್ಲಿದ್ದರು. ಅಧ್ಯಕ್ಷ ವಿಲ್ಸನ್ ಗಡಿಗೆ ಸೈನ್ಯ ಕಳಿಸಿದ್ದನ್ನು ಟೀಕಿಸಿ ಸಂಪಾದಕೀಯ ಬಂತು. ಆ ರಾಜ್ಯದ ಪೊಲೀಸ್ ಪಡೆಯಾದ ಟೆಕ್ಸಸ್ ರೇಂಜರ್‌ಗಳು ಕುದುರೆ ಏರಿ ಪ್ರೆಸ್ ಮುಚ್ಚಿಸಲು ಬಂದರು. ಈಕೆ ಬಾಗಿಲಿಗೆ ಅಡ್ಡ ನಿಂತರು, ಒಳಗೆ ಬಿಡಲಿಲ್ಲ. ಅವತ್ತು ವಾಪಸ್ ಹೋದರು. ಆಮೇಲೆ ಆಕೆ ಇಲ್ಲದ ಹೊತ್ತು ನೋಡಿ ಬಂದು ಅಚ್ಚಿನ ಯಂತ್ರ ಒಡೆದು ಹಾಕಿದರು. 2023ರಲ್ಲಿ ಅಮೆರಿಕ ಸರ್ಕಾರ ಕ್ವಾರ್ಟರ್ ನಾಣ್ಯದ ಮೇಲೆ ಆಕೆಯ ಚಿತ್ರ ಹಾಕಿತು.

ಬೇಏರಿಯಾ_ಭಟ್
ಆ ನಾಣ್ಯ ನನ್ನ ಹತ್ತಿರ ಇದೆ! ಲಾಂಡ್ರಿಗೆ ಅಂತ ಬ್ಯಾಂಕಿಂದ ತಂದ ಚಿಲ್ಲರೆಯಲ್ಲಿ ಸಿಕ್ಕಿದ್ದು. ಆಕೆಯ ಮೈಮೇಲೆಲ್ಲ ಪೇಪರುಗಳ ಹೆಸರು ಕೆತ್ತಿದ್ದಾರೆ, ಯಾರು ಅಂತ ಗೊತ್ತಿರಲಿಲ್ಲ. ಥ್ಯಾಂಕ್ಸ್ ನಂದಿನಿ ಅವರೇ.

ಸುಮಾ_ಹಾಸನ
ಇದೆಲ್ಲ ನನ್ನ ಪುಸ್ತಕದಲ್ಲಿ ಅರ್ಧ ಪುಟವೂ ಇಲ್ಲ. ಸಲಾಸರ್ ಬಗ್ಗೆಯೂ ಯಾರಾದರೂ ಸ್ವಲ್ಪ ಬಿಡಿಸಿ ಹೇಳುತ್ತೀರಾ? ಅವರು ಸತ್ತದ್ದರ ಬಗ್ಗೆ ಎಲ್ಲರೂ ಬರೆಯುತ್ತಾರೆ, ಕೆಲಸದ ಬಗ್ಗೆ ಕಮ್ಮಿ.

ಮೇಷ್ಟ್ರು_ಶಿವಮೊಗ್ಗ
ಕೆಲಸದ ಬಗ್ಗೆಯೇ ಹೇಳುತ್ತೇನೆ, ಯಾಕೆಂದರೆ ಅವರ ಸಾವು ಅವರ ಬರಹವನ್ನು ಮುಚ್ಚಿಬಿಟ್ಟಿದೆ ಅನ್ನುವ ಬೇಸರ ನನಗೂ ಇದೆ.

ಹುಟ್ಟಿದ್ದು 1928ರಲ್ಲಿ ಮೆಕ್ಸಿಕೊದ ಸಿಯುದಾದ್ ಹ್ವಾರೆಸ್‌ನಲ್ಲಿ, ಬೆಳೆದದ್ದು ನದಿಯ ಈಚೆ ಎಲ್ ಪಾಸೊದಲ್ಲಿ. ಮೊದಲ ಕೆಲಸ ಎಲ್ ಪಾಸೊ ಹೆರಾಲ್ಡ್ ಪೋಸ್ಟ್‌ನಲ್ಲಿ. 1955ರಲ್ಲಿ ಕುಡಿದವನ ಥರ ನಟಿಸಿ ಪೊಲೀಸರ ಕೈಗೆ ಸಿಕ್ಕಿಬಿದ್ದು ಜೈಲು ಸೇರಿದರು. ಒಳಗಿನ ಕೊಳಕು, ಮಾದಕ ವಸ್ತು ಎಲ್ಲ ಕಣ್ಣಾರೆ ನೋಡಿ ಬಂದು ಬರೆದರು. 1959ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಸೇರಿದರು. 1963ರಲ್ಲಿ ಆ ಊರಿನ ಸ್ಪ್ಯಾನಿಷ್ ಮಾತಾಡುವ ಜನರ ಬಗ್ಗೆ ಒಂದು ಸರಣಿ ಬರೆದರು: ಶಾಲೆ, ಕೆಲಸ, ರಾಜಕೀಯದಲ್ಲಿ ಪಾಲು ಇಲ್ಲದಿರುವುದು. ಅಲ್ಲಿಯವರೆಗೆ ಆ ಪೇಪರಿಗೆ ಮೆಕ್ಸಿಕನ್ ಅಂದರೆ ಒಂದೋ ಅಪರಾಧ ಸುದ್ದಿ, ಇಲ್ಲ ಹಬ್ಬದ ಫೋಟೋ. ಆಮೇಲೆ ವಿದೇಶ ವರದಿಗಾರರಾಗಿ ಡೊಮಿನಿಕನ್ ರಿಪಬ್ಲಿಕ್, ವಿಯೆಟ್ನಾಂ, ಮೆಕ್ಸಿಕೊ ಸಿಟಿ ಸುತ್ತಿದರು.

ವಾಪಸ್ ಬಂದು 1970ರಲ್ಲಿ ಟೈಮ್ಸ್‌ನ ಖಾಯಂ ಕೆಲಸ ಬಿಟ್ಟು ಕೆಎಂಇಎಕ್ಸ್ ಅನ್ನುವ ಸ್ಪ್ಯಾನಿಷ್ ಟಿವಿಗೆ ಸುದ್ದಿ ಮುಖ್ಯಸ್ಥರಾಗಿ ಹೋದರು. ತಾನು ಯಾರ ಬಗ್ಗೆ ಬರೆಯುತ್ತಿದ್ದೇನೋ ಅವರಿಗೇ ಅವರ ಭಾಷೆಯಲ್ಲಿ ಸುದ್ದಿ ಮುಟ್ಟಬೇಕು ಅಂತ. ಟೈಮ್ಸ್‌ಗೆ ವಾರಕ್ಕೊಂದು ಅಂಕಣ ಮಾತ್ರ ಉಳಿಸಿಕೊಂಡರು. ಚಿಕಾನೋ ಅಂದರೆ ಯಾರು, ಅವರಿಗೆ ಏನು ಬೇಕು ಅಂತ ಕೇಳುವ ಪ್ರಸಿದ್ಧ ಅಂಕಣ ಬಂದದ್ದು 1970ರ ಫೆಬ್ರವರಿ 6ಕ್ಕೆ. ಬಿಳಿಯರು ಕೊಟ್ಟ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳದ ಮೆಕ್ಸಿಕನ್ ಅಮೆರಿಕನ್ನನೇ ಚಿಕಾನೋ ಅನ್ನುವುದು ಅದರ ಸಾರ. ಹೋರಾಟಗಾರನ ಧಾಟಿ ಇಲ್ಲ. ಅಂಕಿ ಅಂಶ ಇಟ್ಟು, ಕೋಟು ಟೈ ಹಾಕಿದ ಓದುಗನಿಗೆ ಸಮಾಧಾನವಾಗಿ ಬಿಡಿಸಿ ಹೇಳುವ ಧಾಟಿ. ಅದಕ್ಕೇ ಪೊಲೀಸರಿಗೆ ಜಾಸ್ತಿ ಇರಿಸುಮುರಿಸು ಆಯಿತು. ಬೈದು ಬರೆಯುವವನನ್ನು ತಳ್ಳಿಹಾಕಬಹುದು, ಇವರನ್ನು ಹಾಗೆ ತಳ್ಳಿಹಾಕಲು ಆಗುತ್ತಿರಲಿಲ್ಲ.

ಸುಮಾ, ನಿಮ್ಮ ಗೈಡ್ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಚಳವಳಿಯ ಪೇಪರುಗಳಲ್ಲಿ ಎದುರು ಪಕ್ಷದವರ ಮಾತು ಇರುತ್ತಿರಲಿಲ್ಲ. ಎಷ್ಟೋ ಲೇಖನಕ್ಕೆ ಹೆಸರೇ ಇಲ್ಲ. ಸುದ್ದಿ ಯಾವುದು, ಘೋಷಣೆ ಯಾವುದು ಗೊತ್ತಾಗುವುದಿಲ್ಲ. ಸಲಾಸರ್ ಅವರ ಬರಹ ಇವತ್ತಿಗೂ ನಿಲ್ಲುತ್ತದೆ ಅಂದರೆ ಅದಕ್ಕೆ ಕಾರಣ ಆ ಶಿಸ್ತು.

ನಂದಿನಿ.ಕೆ
ಮೇಷ್ಟ್ರೇ, ಶಿಸ್ತು ಅಂದರೆ ಏನು? 1943ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಜೂಟ್ ಸೂಟ್ (ಉದ್ದ ಕೋಟು, ದೊಗಲೆ ಪ್ಯಾಂಟಿನ ಉಡುಪು) ಹಾಕಿದ ಮೆಕ್ಸಿಕನ್ ಹುಡುಗರನ್ನು ನೌಕಾಪಡೆಯವರು ಬೀದಿಬೀದಿಯಲ್ಲಿ ಹಿಡಿದು ಬಟ್ಟೆ ಬಿಚ್ಚಿ ಹೊಡೆದರು. ಊರಿನ ದೊಡ್ಡ ಪೇಪರುಗಳು ಹೊಡೆದವರಿಗೆ ಶಭಾಷ್ ಅಂದವು. ಅವೆಲ್ಲ ಶಿಸ್ತಿನ ಪೇಪರುಗಳೇ. ಎದುರು ಪಕ್ಷದವರ ಮಾತು ಆಗ ಎಲ್ಲಿತ್ತು? ಇಪ್ಪತ್ತೈದು ವರ್ಷ ಆದಮೇಲೆ ಅದೇ ಬೀದಿಯ ಮಕ್ಕಳು ತಮ್ಮದೇ ಪೇಪರ್ ತಂದಾಗ 'ಎರಡೂ ಕಡೆ ಬರೆಯಿರಿ' ಅನ್ನುವುದು ನ್ಯಾಯವಾ?

ಮೇಷ್ಟ್ರು_ಶಿವಮೊಗ್ಗ
ನಂದಿನಿ, ಅವರು ಮಾಡಿದ್ದು ತಪ್ಪು ಅನ್ನುವುದರಲ್ಲಿ ಎರಡು ಮಾತಿಲ್ಲ. ಒಬ್ಬರ ತಪ್ಪು ಇನ್ನೊಬ್ಬರಿಗೆ ಅಳತೆಗೋಲು ಆಗಬಾರದು ಅಂತ ಅಷ್ಟೇ ನನ್ನ ಮಾತು.

ಅಚ್ಚುಮನೆ
ಒಂದು ನಿಮಿಷ. ಚಳವಳಿ ಪೇಪರ್ ಅಂದರೆ ಬರೀ ಘೋಷಣೆ ಅನ್ನುವವರು ಎಲ್ ಮಾಲ್‌ಕ್ರಿಯಾದೊದ ಒಂದು ಸಂಚಿಕೆಯನ್ನಾದರೂ ತೆರೆದು ನೋಡಿದ್ದಾರಾ?

ನಾನು ಮೂವತ್ತು ವರ್ಷ ಪ್ರಿಂಟಿಂಗ್ ಪ್ರೆಸ್ ನಡೆಸಿದವನು, ಹಾಗಾಗಿ ಪುಟದ ಜೋಡಣೆ ನೋಡಿಯೇ ಓದುತ್ತೇನೆ. 1964ರ ಕೊನೆಯಲ್ಲಿ ತೋಟದ ಕೂಲಿಗಳ ಸಂಘ ಕಟ್ಟಿದ ಸೀಸರ್ ಚಾವೆಸ್ ಕ್ಯಾಲಿಫೋರ್ನಿಯಾದ ಡೆಲೇನೊ ಅನ್ನುವ ದ್ರಾಕ್ಷಿ ತೋಟದ ಊರಲ್ಲಿ ಇದನ್ನು ಶುರು ಮಾಡಿಸಿದರು. ಬಿಲ್ ಎಶರ್ ಸಂಪಾದಕ. ಓದುಗರು ಯಾರು? ಬೆಳಗ್ಗೆ ಕತ್ತಲಲ್ಲೇ ತೋಟಕ್ಕೆ ಹೋಗುವ ಕೂಲಿಗಳು. ಅರ್ಧ ಜನಕ್ಕೆ ಓದು ಕಷ್ಟ. ಅದಕ್ಕೆ ಮುಖಪುಟದ ತುಂಬ ಒಂದೇ ದಪ್ಪ ಚಿತ್ರ, ಗಾಢ ಬಣ್ಣ. ಆಂಡಿ ಸರ್ಮೆನ್ಯೊ ಬರೆದ ವ್ಯಂಗ್ಯಚಿತ್ರದಲ್ಲಿ ಮೂರು ಪಾತ್ರ. ದೋನ್ ಸೊತಾಕೊ ಅನ್ನುವ ಕುಳ್ಳ, ಎಲ್ಲದಕ್ಕೂ ತಲೆ ತಗ್ಗಿಸುವ ಬಡ ಕೂಲಿ. ದೋನ್ ಕೊಯೋತೆ, ಸಣಕಲು ಮೇಸ್ತ್ರಿ, ಕೂಲಿಯಲ್ಲಿ ಕಮಿಷನ್ ಹೊಡೆಯುವವನು. ಪಾತ್ರೋನ್‌ಸಿತೊ, ಹೊಟ್ಟೆ ಬಿಟ್ಟ ತೋಟದ ಧಣಿ. ಅಕ್ಷರ ಬಾರದವನಿಗೂ ಯಾರು ಯಾರಿಗೆ ಮೋಸ ಮಾಡುತ್ತಿದ್ದಾರೆ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಚಿಕ್ಕಮಗಳೂರು ಕಡೆ ಕಾಫಿ ತೋಟದಲ್ಲಿ ಮೇಸ್ತ್ರಿಗಳನ್ನು ನೋಡಿದವರಿಗೆ ದೋನ್ ಕೊಯೋತೆಯ ಪರಿಚಯ ಮಾಡಿಕೊಡಬೇಕಾಗಿಲ್ಲ.

ಒಳಗೆ ಏನಿತ್ತು? ಯಾವ ತೋಟದಲ್ಲಿ ಕೂಲಿ ಎಷ್ಟು, ಯಾವ ಮೇಸ್ತ್ರಿ ಲೆಕ್ಕದಲ್ಲಿ ಮೋಸ ಮಾಡಿದ, ಕೋರ್ಟಿನಲ್ಲಿ ಏನಾಯಿತು, ಓದುಗರ ಪತ್ರ. ಇದು ವರದಿ ಅಲ್ಲದೆ ಇನ್ನೇನು? 1965ರ ಸೆಪ್ಟೆಂಬರ್ 8ಕ್ಕೆ ಫಿಲಿಪಿನೊ ಕೂಲಿಗಳು ದ್ರಾಕ್ಷಿ ಮುಷ್ಕರ ಹೂಡಿದರು, ವಾರದಲ್ಲೇ ಚಾವೆಸ್ ಅವರ ಸಂಘವೂ ಸೇರಿತು, ಐದು ವರ್ಷ ನಡೆಯಿತು. ಮುಷ್ಕರದ ಒಳಗಿನ ಸುದ್ದಿ ಕೂಲಿಗಳ ಕೈಗೆ ಅವರ ಭಾಷೆಯಲ್ಲಿ ತಲುಪಿದ್ದು ಈ ಪೇಪರಿನಿಂದ. ಆಮೇಲೆ ಇಂಗ್ಲಿಷ್ ಆವೃತ್ತಿಯನ್ನೂ ತಂದರು.

ಕಲಬುರ್ಗಿ_ಹುಡುಗ
ಲಂಕೇಶ್ ಪತ್ರಿಕೆ ಥರ ಅಂತ ಹೇಳಬಹುದಾ?

ಅಚ್ಚುಮನೆ
ಬೇಡ. ಅದು ಒಬ್ಬ ಸಂಪಾದಕರ ದನಿಯ ಮೇಲೆ ನಿಂತ ಪೇಪರ್. ಇದು ಸಂಘದ ಪೇಪರ್. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ. ಸಂಘದ ನಾಯಕತ್ವವನ್ನು ಟೀಕಿಸುವ ಬರಹಕ್ಕೆ ಅಲ್ಲಿ ಜಾಗ ಕಮ್ಮಿ. ಮೇಷ್ಟ್ರ ತಕರಾರು ಆ ಮಟ್ಟಿಗೆ ನನಗೂ ಒಪ್ಪಿಗೆ.

ಫೋಟೋಪ್ರಿಯ
ನಾನು ಒಂದೇ ಒಂದು ಉದಾಹರಣೆ ಕೊಡುತ್ತೇನೆ, ಸುಮಾ ಅವರ ಗೈಡ್‌ಗೆ ಅದೇ ಸಾಕು ಅನಿಸುತ್ತದೆ.

1970ರ ಆಗಸ್ಟ್ 29. ವಿಯೆಟ್ನಾಂ ಯುದ್ಧದಲ್ಲಿ ಚಿಕಾನೋ ಹುಡುಗರು ಅವರ ಜನಸಂಖ್ಯೆಗಿಂತ ಜಾಸ್ತಿ ಪ್ರಮಾಣದಲ್ಲಿ ಸಾಯುತ್ತಿದ್ದಾರೆ ಅಂತ ಈಸ್ಟ್ ಲಾಸ್ ಏಂಜಲೀಸ್‌ನಲ್ಲಿ ದೊಡ್ಡ ಮೆರವಣಿಗೆ. ಇಪ್ಪತ್ತು ಸಾವಿರಕ್ಕೂ ಜಾಸ್ತಿ ಜನ. ಮಕ್ಕಳು ಮರಿ ಎಲ್ಲ ಲಗೂನಾ ಪಾರ್ಕಿನ ಹುಲ್ಲಿನ ಮೇಲೆ ಕೂತು ಹಾಡು ಕೇಳುತ್ತಿದ್ದರು. ಹತ್ತಿರದ ಹೆಂಡದಂಗಡಿಯಲ್ಲಿ ಏನೋ ಗಲಾಟೆ ಆಯಿತು ಅಂತ ಷೆರಿಫ್ ಪೊಲೀಸರು ಪಾರ್ಕಿಗೆ ನುಗ್ಗಿದರು. ಲಾಠಿ, ಅಶ್ರುವಾಯು. ಅವತ್ತಿನ ಗಲಾಟೆಯಲ್ಲಿ ಮೂವರು ಪ್ರಾಣ ಬಿಟ್ಟರು. ಸಲಾಸರ್ ವರದಿಗೆ ಅಂತ ಬಂದಿದ್ದರು. ಸಂಜೆ ಹೊತ್ತಿಗೆ ವಿಟಿಯರ್ ಬುಲವಾರ್ಡ್‌ನ ಸಿಲ್ವರ್ ಡಾಲರ್ ಅನ್ನುವ ಬಾರಿನೊಳಗೆ ಸಹೋದ್ಯೋಗಿಯ ಜೊತೆ ಬಿಯರ್ ಹಿಡಿದು ಕೂತಿದ್ದರು. ಹೊರಗಿಂದ ಒಬ್ಬ ಡೆಪ್ಯುಟಿ (ಷೆರಿಫ್ ಕಡೆಯ ಪೊಲೀಸ್) ಅಶ್ರುವಾಯು ಶೆಲ್ ಹಾರಿಸಿದ. ಗೋಡೆ ಬಾಗಿಲು ಸೀಳಿಕೊಂಡು ಹೋಗಲು ಮಾಡಿದ ಚೂಪು ಮೂತಿಯ ಶೆಲ್ ಅದು. ಬಾಗಿಲಿಗೆ ಬರೀ ಪರದೆ ಇತ್ತು. ಶೆಲ್ ನೇರ ಅವರ ತಲೆಗೆ ಬಡಿಯಿತು. ಹೆಣ ಗಂಟೆಗಟ್ಟಲೆ ಒಳಗೇ ಬಿದ್ದಿತ್ತು.

ಪೊಲೀಸರ ಮಾತು ಏನು? ಒಳಗೆ ಬಂದೂಕು ಹಿಡಿದವನಿದ್ದಾನೆ ಅಂತ ಸುದ್ದಿ ಬಂತು, ಎಲ್ಲರೂ ಹೊರಗೆ ಬನ್ನಿ ಅಂತ ಹೇಳಿದೆವು, ಆಮೇಲೆ ಹಾರಿಸಿದೆವು ಅಂತ. ಆದರೆ ರಸ್ತೆಯ ಆಚೆ ಬದಿಯಲ್ಲಿ ಲಾ ರಾಸಾದ ರಾವುಲ್ ರೂಯಿಸ್ ಮತ್ತು ಜೋ ರಾಸೊ ಕ್ಯಾಮೆರಾ ಹಿಡಿದು ನಿಂತಿದ್ದರು. ರೂಯಿಸ್ ತೆಗೆದ ಫೋಟೋ ನೋಡಿ. ಬಾರಿನ ಬಾಗಿಲಲ್ಲಿ ಕೆಲವರು ನಿಂತಿದ್ದಾರೆ, ಕೈಯಲ್ಲಿ ಏನೂ ಇಲ್ಲ. ಎದುರಿಗೆ ಹೆಲ್ಮೆಟ್ ಹಾಕಿದ ಡೆಪ್ಯುಟಿ ಬಂದೂಕನ್ನು ಅವರತ್ತಲೇ ಗುರಿ ಇಟ್ಟಿದ್ದಾನೆ. ಹೊರಗೆ ಬನ್ನಿ ಅಂದವರ ಥರ ಅದು ಕಾಣುವುದಿಲ್ಲ. ಆ ಫೋಟೋಗಳನ್ನು ಲಾ ರಾಸಾ ಹಾಕಿತು, ಲಾಸ್ ಏಂಜಲೀಸ್ ಟೈಮ್ಸ್ ಕೂಡ ಹಾಕಬೇಕಾಯಿತು. 16 ದಿನ ನಡೆದ ವಿಚಾರಣೆಯನ್ನು ಊರಿನ ಟಿವಿಗಳು ತೋರಿಸಿದವು. ರೂಯಿಸ್ ಸಾಕ್ಷಿ ಹೇಳಲು ಹೋದರೆ ಅವರನ್ನೇ ಆರೋಪಿಯ ಥರ ಪ್ರಶ್ನಿಸಿದರು. ಕೊನೆಗೆ 4-3ರಲ್ಲಿ ಬೇರೆಯವರ ಕೈಯಿಂದಾದ ಸಾವು ಅಂತ ತೀರ್ಮಾನ ಬಂತು. ಆದರೂ ಜಿಲ್ಲಾ ಪ್ರಾಸಿಕ್ಯೂಟರ್ ಯಾರ ಮೇಲೂ ಕೇಸು ಹಾಕಲಿಲ್ಲ.

ಈಗ ಹೇಳಿ. ದೊಡ್ಡ ಪೇಪರಿನ ದೊಡ್ಡ ವರದಿಗಾರ ಸತ್ತಾಗ ಏನು ನಡೆಯಿತು ಅಂತ ಸಾಕ್ಷಿ ತಂದುಕೊಟ್ಟವರು ಯಾರು? ಆ 'ಕರಪತ್ರ'ದವರೇ. ಅವರು ಅದೇ ಬೀದಿಯವರು, ಅದಕ್ಕೇ ಅಲ್ಲಿದ್ದರು. ದೂರ ನಿಂತು ಎರಡೂ ಕಡೆ ನೋಡುವವರಿಗೆ ಆ ಫೋಟೋ ಸಿಗುತ್ತಿರಲಿಲ್ಲ.

ಸುಮಾ_ಹಾಸನ
ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನನಗೆ ಬೇಕಿದ್ದ ವಾದ ಇದೇ.

ತುಂಗಾತೀರ
ಹಾಗಾದರೆ ಅವರನ್ನು ಬೇಕೆಂದೇ ಕೊಂದದ್ದಾ?

ಫೋಟೋಪ್ರಿಯ
ಆ ಅನುಮಾನ ಜನರಲ್ಲಿ ಇವತ್ತಿಗೂ ಇದೆ. ಸಾಯುವ ಮುಂಚಿನ ತಿಂಗಳುಗಳಲ್ಲಿ ಪೊಲೀಸರು ಅವರ ಬರಹದ ಬಗ್ಗೆ ನೇರವಾಗಿ ಬಂದು ಅಸಮಾಧಾನ ಹೇಳಿಹೋಗಿದ್ದರು, ಅದಕ್ಕೆ. 2011ರಲ್ಲಿ ಷೆರಿಫ್ ಇಲಾಖೆಯ ಕಡತಗಳನ್ನು ನೋಡಿ ಸ್ವತಂತ್ರ ಪರಿಶೀಲನೆಯವರು ವರದಿ ಕೊಟ್ಟರು: ಗುರಿ ಇಟ್ಟು ಕೊಂದರು ಅನ್ನಲು ಸಾಕ್ಷಿ ಸಿಗಲಿಲ್ಲ, ಆದರೆ ಪೊಲೀಸರು ಅವತ್ತು ತಪ್ಪಿನ ಮೇಲೆ ತಪ್ಪು ಮಾಡಿದರು ಅಂತ. ನಲವತ್ತು ವರ್ಷ ಕಡತ ಮುಚ್ಚಿಟ್ಟರೆ ಅನುಮಾನ ಬೆಳೆಯದೆ ಇನ್ನೇನಾಗುತ್ತದೆ?

ಮೇಷ್ಟ್ರು_ಶಿವಮೊಗ್ಗ
ಫೋಟೋಪ್ರಿಯ ಹೇಳಿದ್ದಕ್ಕೆ ನನ್ನಲ್ಲಿ ಎದುರು ಮಾತಿಲ್ಲ. ಒಂದನ್ನು ಮಾತ್ರ ಸೇರಿಸುತ್ತೇನೆ. ಆ ಫೋಟೋ ಟೈಮ್ಸ್‌ನಲ್ಲೂ ಬಂದದ್ದರಿಂದಲೇ ಇಡೀ ಊರು ನೋಡಿತು. ಬೀದಿಯ ಪೇಪರಿಗೆ ಸಾಕ್ಷಿ ಸಿಕ್ಕಿತು, ದೊಡ್ಡ ಪೇಪರು ಅದನ್ನು ದೂರ ಮುಟ್ಟಿಸಿತು. ಎರಡೂ ಬೇಕಾಗಿತ್ತು.

ನಂದಿನಿ.ಕೆ
ಇದನ್ನು ಒಪ್ಪುತ್ತೇನೆ ಮೇಷ್ಟ್ರೇ.

ಶೈಲಿಯ ಬಗ್ಗೆಯೂ ಸುಮಾ ಬರೆಯಬೇಕು. ಈ ಪೇಪರುಗಳಲ್ಲಿ ಒಂದು ಸಾಲು ಇಂಗ್ಲಿಷ್‌ನಲ್ಲಿ ಶುರುವಾಗಿ ಸ್ಪ್ಯಾನಿಷ್‌ನಲ್ಲಿ ಮುಗಿಯುತ್ತದೆ. ನಡುವೆ ಕಲೊ ಅನ್ನುವ ಬೀದಿ ಮಾತು ಬರುತ್ತದೆ, ಜೂಟ್ ಸೂಟ್ ಹುಡುಗರ ಮಾತು. ಶಾಲೆಯಲ್ಲಿ ಸ್ಪ್ಯಾನಿಷ್ ಆಡಿದರೆ ಏಟು ತಿಂದ ಮಕ್ಕಳು ದೊಡ್ಡವರಾಗಿ ಪೇಪರ್ ತಂದರೆ ಭಾಷೆ ಹೀಗೇ ಇರುತ್ತದೆ. ಅದನ್ನು ಅಶುದ್ಧ ಅನ್ನುವವರಿಗೆ ಆ ಮನೆಗಳಲ್ಲಿ ಜನ ಹೇಗೆ ಮಾತಾಡುತ್ತಾರೆ ಅಂತ ಗೊತ್ತಿಲ್ಲ. ಸುದ್ದಿಯ ಪಕ್ಕದಲ್ಲೇ ಕವಿತೆ, ಮೆಕ್ಸಿಕೊ ಕ್ರಾಂತಿಯ ನಾಯಕ ಸಪಾತಾನ ಚಿತ್ರ, ಊರಿನ ಹಬ್ಬದ ಪ್ರಕಟಣೆ, ವಕೀಲರ ಸಲಹೆ. 'ಅವರು ಹೀಗೆ ಹೇಳಿದರು' ಅನ್ನುವುದಕ್ಕಿಂತ 'ನಾವು ನೋಡಿದೆವು' ಜಾಸ್ತಿ. ಹೆಸರು ಹಾಕದೆ ಬರೆದದ್ದಕ್ಕೂ ಕಾರಣ ಇತ್ತು. 1968ರ ಮಾರ್ಚ್‌ನಲ್ಲಿ ಈಸ್ಟ್ ಲಾಸ್ ಏಂಜಲೀಸ್‌ನ ಹೈಸ್ಕೂಲ್ ಮಕ್ಕಳು ಸಾವಿರಗಟ್ಟಲೆ ತರಗತಿ ಬಿಟ್ಟು ಹೊರಗೆ ಬಂದರಲ್ಲ, ಆಮೇಲೆ ಸಂಚಿನ ಆರೋಪ ಹೊತ್ತ 13 ಜನರಲ್ಲಿ ಲಾ ರಾಸಾದ ಎಲಿಯೆಸೆರ್ ರಿಸ್ಕೊ, ಜೋ ರಾಸೊ ಇದ್ದರು. ಪೇಪರ್ ತಂದದ್ದಕ್ಕೇ ಜೈಲಿನ ಭಯ.

ಹಳೇಪೇಪರ್
ಲಾಸ್ ಏಂಜಲೀಸ್ ಬಿಟ್ಟು ಹೊರಗೂ ನೋಡಿ. ಡೆನ್ವರ್‌ನಲ್ಲಿ ಚಿಕಾನೋ ನಾಯಕ ಕೊರ್ಕಿ ಗೊನ್ಸಾಲೆಸ್ ಅವರ ಸಂಘಟನೆಯ 'ಎಲ್ ಗಾಯೊ'. ನ್ಯೂ ಮೆಕ್ಸಿಕೊದ ಎಸ್ಪನ್ಯೋಲಾದಲ್ಲಿ 1968ರಿಂದ 'ಎಲ್ ಗ್ರೀತೊ ದೆಲ್ ನೋರ್ತೆ'. ಇದನ್ನು ಶುರು ಮಾಡಿದವರು ಇಬ್ಬರು ಹೆಂಗಸರು, ಬೆತೀತಾ ಮಾರ್ಟಿನೆಸ್ ಮತ್ತು ವಕೀಲೆ ಬೆವರ್ಲಿ ಆಕ್ಸೆಲ್‌ರಾಡ್. ಹಳ್ಳಿಗಳ ಪಾಲಿನ ಹುಲ್ಲುಗಾವಲು, ಕಾಡು ಕಳೆದುಹೋದ ಕತೆಯನ್ನು ಬೆನ್ನು ಹತ್ತಿ ಬರೆದ ಪೇಪರ್ ಅದು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ, ಯಾಕೆಂದರೆ ಹಳ್ಳಿಯ ಮುದುಕರು ಹೇಳಿದ್ದನ್ನು ಹಾಗೇ ಹಾಕುತ್ತಿದ್ದರು. 60ರ ದಶಕದ ಕೊನೆಗೆ ಇಂಥ ಪೇಪರುಗಳೆಲ್ಲ ಸೇರಿ ಚಿಕಾನೋ ಪ್ರೆಸ್ ಅಸೋಸಿಯೇಷನ್ ಅಂತ ಕಟ್ಟಿಕೊಂಡರು. ಒಬ್ಬರ ಲೇಖನ, ಫೋಟೋ ಇನ್ನೊಬ್ಬರು ಬಳಸಬಹುದು. ದುಡ್ಡಿಲ್ಲದವರ ಸುದ್ದಿ ಸಂಸ್ಥೆ.

ನಂದಿನಿ.ಕೆ
ಹೆಂಗಸರ ವಿಷಯ ಬಂತಲ್ಲ, ಇದನ್ನೂ ಬರೆಯಲೇಬೇಕು. ಲಾಂಗ್ ಬೀಚ್ ವಿಶ್ವವಿದ್ಯಾಲಯದಲ್ಲಿ ಆನಾ ನಿಯೆತೊ ಗೋಮೆಸ್ ಮತ್ತು ಗೆಳತಿಯರು 1971ರಲ್ಲಿ 'ಈಹಾಸ್ ದೆ ಕ್ವಾವ್ತೆಮೊಕ್' ಅನ್ನುವ ಪೇಪರ್ ತಂದರು. ಚಳವಳಿಯೊಳಗೇ ಹೆಂಗಸರಿಗೆ ಟೈಪ್ ಮಾಡುವುದು, ಅಡುಗೆ ಮಾಡುವುದು ಬಿಟ್ಟು ಬೇರೆ ಕೆಲಸ ಕೊಡುತ್ತಿಲ್ಲ ಅಂತ ಬರೆದರು. ಚಳವಳಿಯ ಗಂಡಸರು ಏನು ಮಾಡಿದರು ಗೊತ್ತಾ? ಇವರು ಸತ್ತುಹೋದರು ಅಂತ ಅಣಕು ಶವಸಂಸ್ಕಾರ ಮಾಡಿದರು. ಆದರೂ ಬಿಡಲಿಲ್ಲ, 1973ರಲ್ಲಿ 'ಎನ್‌ಕ್ವೆಂತ್ರೊ ಫೆಮೆನಿಲ್' ಅಂತ ನಿಯತಕಾಲಿಕವನ್ನೇ ತಂದರು. ಚಳವಳಿ ಪೇಪರುಗಳನ್ನು ಹೊಗಳುವಾಗ ಇದನ್ನು ಬಿಟ್ಟು ಹೊಗಳಬಾರದು.

ಕಲಬುರ್ಗಿ_ಹುಡುಗ
ಅಣಕು ಶವಸಂಸ್ಕಾರ?? ಸಮಾನತೆಗೆ ಹೋರಾಡುವವರೇ ಹೀಗಾ?

ನಂದಿನಿ.ಕೆ
ಹೌದು ಹೀಗೇ. ಎಲ್ಲ ಚಳವಳಿಯಲ್ಲೂ ಹೆಂಗಸರಿಗೆ ಇದು ಗೊತ್ತಿರುವ ವಿಷಯ.

ಬೇಏರಿಯಾ_ಭಟ್
ಸ್ವಲ್ಪ ವಿಷಯಾಂತರ. ನಾನಿರುವ ಸ್ಯಾನ್ ಹೋಸೆಯಲ್ಲೇ 1977ರಲ್ಲಿ 'ಲೋರೈಡರ್' ಮ್ಯಾಗಝಿನ್ ಶುರುವಾದದ್ದು, ಇಲ್ಲಿನ ಕಾಲೇಜಿನ ಚಿಕಾನೋ ಹುಡುಗರು ಸೇರಿ. ನೆಲಕ್ಕೆ ತಾಗುವ ಹಾಗೆ ತಗ್ಗಿಸಿದ ಹಳೇ ಶೆವ್ರೊಲೆ ಕಾರುಗಳ ಪತ್ರಿಕೆ. ಭಾನುವಾರ ಸಂಜೆ ಆ ಕಾರುಗಳು ನಿಧಾನಕ್ಕೆ ಹೋಗುವುದನ್ನು ನೋಡಿದ್ದೇನೆ, ಬಾನೆಟ್ ಮೇಲೆ ಗ್ವಾದಲೂಪೆ ಮಾತೆಯ ಚಿತ್ರ, ಒಳಗೆ ಅಜ್ಜ, ಮಗ, ಮೊಮ್ಮಗ. ಇದು ಪತ್ರಿಕೋದ್ಯಮದ ಲೆಕ್ಕಕ್ಕೆ ಬರುತ್ತಾ?

ಅಚ್ಚುಮನೆ
ಭಟ್ರೇ, ಯಾಕೆ ಬರಲ್ಲ? ಆರಂಭದ ಸಂಚಿಕೆಗಳಲ್ಲಿ ಪೊಲೀಸರು ಹುಡುಗರನ್ನು ಸತಾಯಿಸುವ ವಿಷಯವೂ ಇತ್ತು, ಓದುಗರ ಪತ್ರ, ಪ್ರೀತಿಯ ಸಂದೇಶ, ಎಲ್ಲ ಇತ್ತು. ಚಳವಳಿ ಪೇಪರುಗಳು 70ರ ದಶಕದ ನಡುವೆ ಒಂದೊಂದಾಗಿ ನಿಂತವು. ಜಾಹೀರಾತಿಲ್ಲ, ದುಡಿದವರು ದಣಿದಿದ್ದರು. ಓದುಗರು ಎಲ್ಲಿಗೂ ಹೋಗಿರಲಿಲ್ಲ.

ತುಂಗಾತೀರ
ಓದು ಬಾರದವರ ವಿಷಯ ಅಚ್ಚುಮನೆ ಹೇಳಿದರಲ್ಲ, ಅವರಿಗೆ ರೇಡಿಯೋ ಇರಲಿಲ್ಲವಾ?

ಹಳೇಪೇಪರ್
ಇತ್ತು, ಸ್ವಲ್ಪ ತಡವಾಗಿ ಬಂತು. 1980ರಲ್ಲಿ ಫ್ರೆಸ್ನೊದಲ್ಲಿ ಹ್ಯೂಗೊ ಮೊರಾಲೆಸ್ 'ರೇಡಿಯೋ ಬಿಲಿಂಗ್ವೆ' ಶುರು ಮಾಡಿದರು. ಮೆಕ್ಸಿಕೊದ ಓಹಾಕಾದ ಮಿಶ್ತೆಕ್ ಅನ್ನುವ ಮೂಲನಿವಾಸಿ ಕುಟುಂಬದವರು, ಚಿಕ್ಕಂದಿನಲ್ಲಿ ತೋಟದಲ್ಲಿ ದುಡಿದು ಹಾರ್ವರ್ಡ್‌ನಲ್ಲಿ ಕಾನೂನು ಓದಿ ವಾಪಸ್ ಬಂದವರು. ಇವತ್ತು ಮಿಶ್ತೆಕ್ ಭಾಷೆಯಲ್ಲೂ ಕಾರ್ಯಕ್ರಮ ಬರುತ್ತದೆ. ತೋಟದ ಸಾಲಿನಲ್ಲಿ ದ್ರಾಕ್ಷಿ ಕೀಳುತ್ತಾ ಕೇಳಬಹುದು.

ಮೇಷ್ಟ್ರು_ಶಿವಮೊಗ್ಗ
ಭಾರತದ ನಂಟೂ ಒಂದಿದೆ. 1900ರಲ್ಲಿ ಮೆಕ್ಸಿಕೊ ಸಿಟಿಯಲ್ಲಿ ಶುರುವಾದ 'ರೆಹೆನೆರಾಸಿಯೋನ್' ಪೇಪರನ್ನು ಸರ್ವಾಧಿಕಾರಿ ದಿಯಾಸ್ ಕಾಟಕ್ಕೆ ರಿಕಾರ್ದೊ ಫ್ಲೋರೆಸ್ ಮಗೋನ್ ಅಮೆರಿಕಕ್ಕೆ ತಂದರು. ಸ್ಯಾನ್ ಆಂಟೋನಿಯೊ, ಸೇಂಟ್ ಲೂಯಿಸ್, ಲಾಸ್ ಏಂಜಲೀಸ್. ಅದೇ ಕ್ಯಾಲಿಫೋರ್ನಿಯಾದಲ್ಲಿ, ಅದೇ ವರ್ಷಗಳಲ್ಲಿ, 1913ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ನಮ್ಮವರ 'ಗದರ್' ಪೇಪರ್ ಬಂತು. ಮೊದಲು ಉರ್ದು, ಆಮೇಲೆ ಪಂಜಾಬಿ. ಎರಡೂ ಪೇಪರಿನವರನ್ನು ಅಮೆರಿಕ ಸರ್ಕಾರ ಮೊದಲ ಮಹಾಯುದ್ಧದ ಹೊತ್ತಿಗೆ ಕೋರ್ಟಿಗೆಳೆಯಿತು. ಮಗೋನ್ 1922ರಲ್ಲಿ ಲೆವನ್‌ವರ್ತ್ ಜೈಲಿನಲ್ಲೇ ತೀರಿಕೊಂಡರು. 1970ರಲ್ಲಿ ಫ್ರಾನ್ಸಿಸ್ಕಾ ಫ್ಲೋರೆಸ್ ಲಾಸ್ ಏಂಜಲೀಸ್‌ನಲ್ಲಿ ಅದೇ ಹೆಸರಿನಲ್ಲಿ ಮತ್ತೆ ಪತ್ರಿಕೆ ತಂದರು.

ಕಲಬುರ್ಗಿ_ಹುಡುಗ
ಗದರ್ ವಿಷಯ ಗೊತ್ತಿತ್ತು, ಪಕ್ಕದಲ್ಲೇ ಇನ್ನೊಂದು ಇತ್ತು ಅಂತ ಗೊತ್ತಿರಲಿಲ್ಲ. ಮೇಷ್ಟ್ರೇ, ಇದರ ಮೇಲೆ ಬೇರೆ ಎಳೆ ಶುರು ಮಾಡಿ.

ಸುಮಾ_ಹಾಸನ
ಗೈಡ್ ಕೇಳುವ ಮುಂದಿನ ಪ್ರಶ್ನೆ ನನಗೀಗಲೇ ಗೊತ್ತು: ಸಲಾಸರ್ ನಂತರ ದೊಡ್ಡ ಪೇಪರುಗಳಲ್ಲಿ ಏನಾದರೂ ಬದಲಾಯಿತಾ ಅಂತ.

ಫೋಟೋಪ್ರಿಯ
ಬದಲಾಯಿತು, ಆದರೆ ತಾನಾಗಿ ಅಲ್ಲ, ಒಳಗಿದ್ದವರು ಜಗ್ಗಾಡಿದ್ದರಿಂದ. ಫ್ರಾಂಕ್ ದೆಲ್ ಓಲ್ಮೊ 1970ರಲ್ಲಿ ಟೈಮ್ಸ್‌ಗೆ ಇಂಟರ್ನ್ ಆಗಿ ಸೇರಿದರು. 1972ರಲ್ಲಿ ಅವರೂ ಇತರರೂ ಸೇರಿ ಕ್ಯಾಲಿಫೋರ್ನಿಯಾದ ಚಿಕಾನೋ ಪತ್ರಕರ್ತರ ಸಂಘ ಕಟ್ಟಿದರು. ಹೊಸ ಹುಡುಗರಿಗೆ ತರಬೇತಿ, ವಿದ್ಯಾರ್ಥಿವೇತನ. 1983ರಲ್ಲಿ ಟೈಮ್ಸ್‌ನೊಳಗಿನ ಲ್ಯಾಟಿನೋ ವರದಿಗಾರರು, ಸಂಪಾದಕರು, ಫೋಟೋಗ್ರಾಫರ್‌ಗಳೇ ಸೇರಿ ದಕ್ಷಿಣ ಕ್ಯಾಲಿಫೋರ್ನಿಯಾದ ತಮ್ಮ ಜನರ ಬಗ್ಗೆ ದೊಡ್ಡ ಸರಣಿ ಮಾಡಿದರು. ಅಪರಾಧ, ಬಡತನ ಅಷ್ಟೇ ಅಲ್ಲ, ಮದುವೆ, ಅಂಗಡಿ, ಕಾಲೇಜು, ಮೂರು ತಲೆಮಾರಿನ ಮನೆಗಳು. 1984ರಲ್ಲಿ ಸಾರ್ವಜನಿಕ ಸೇವೆಯ ಪುಲಿಟ್ಜರ್ ಬಂತು. ಜಾರ್ಜ್ ರಾಮೋಸ್, ಫ್ರಾಂಕ್ ಸೊತೊಮಯೋರ್ ಆ ತಂಡದವರು. ರಾಮೋಸ್ ಈಸ್ಟ್ ಲಾಸ್ ಏಂಜಲೀಸ್‌ನಲ್ಲೇ ಬೆಳೆದವರು, ತಾನು ಬೆಳೆದ ಬೀದಿಗೇ ವಾಪಸ್ ಹೋಗಿ ಬರೆದರು. ಚಳವಳಿ ಪೇಪರುಗಳು ಕಲಿಸಿದ್ದು ಇದನ್ನೇ ಅಲ್ವಾ?

ಮೇಷ್ಟ್ರು_ಶಿವಮೊಗ್ಗ
ಅದಕ್ಕೆ ಸಲಾಸರ್ ಅವರ 1963ರ ಸರಣಿಯನ್ನೂ ಸೇರಿಸಿ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಇಪ್ಪತ್ತು ವರ್ಷದಲ್ಲಿ ಏನು ಬದಲಾಯಿತು ಗೊತ್ತಾಗುತ್ತದೆ. ಮೊದಲನೆಯದನ್ನು ಒಬ್ಬರೇ ಬರೆದದ್ದು.

ಸುಮಾ_ಹಾಸನ
ಹಾಗೇ ಮಾಡುತ್ತೇನೆ ಸರ್. ಮೂಲ ಪುಟಗಳು ಇಲ್ಲಿ ಕೂತು ನೋಡೋಕೆ ಸಿಗುತ್ತವಾ? ನಮ್ಮ ಲೈಬ್ರರಿಯಲ್ಲಿ ಒಂದೂ ಇಲ್ಲ.

ಅಚ್ಚುಮನೆ
ಸಿಗುತ್ತವೆ. ಎಲ್ ಮಾಲ್‌ಕ್ರಿಯಾದೊ ಸಂಚಿಕೆಗಳನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕ್ಯಾಂಪಸ್ಸಿನ ಲೈಬ್ರರಿಯವರು ಕೃಷಿ ಕಾರ್ಮಿಕರ ಚಳವಳಿಯ ದಾಖಲೆಗಳ ಜೊತೆ ಸ್ಕ್ಯಾನ್ ಮಾಡಿ ಇಟ್ಟಿದ್ದಾರೆ, ದುಡ್ಡು ಕೊಡಬೇಕಾಗಿಲ್ಲ. ಇಂಗ್ಲಿಷ್ ಆವೃತ್ತಿಯಿಂದ ಶುರು ಮಾಡಿ.

ಫೋಟೋಪ್ರಿಯ
ಲಾ ರಾಸಾ ಫೋಟೋಗಳು ಯುಸಿಎಲ್‌ಎಯ (ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್ಸಿನ) ಚಿಕಾನೋ ಅಧ್ಯಯನ ಕೇಂದ್ರದಲ್ಲಿವೆ, ಸುಮಾರು 25,000. ಸಿಲ್ವರ್ ಡಾಲರ್ ಫೋಟೋ ಒಂದನ್ನೇ ನೋಡಿ ನಿಲ್ಲಿಸಬೇಡಿ. ಅವತ್ತು ಬೆಳಗ್ಗಿನ ಮೆರವಣಿಗೆಯದ್ದೂ ಇವೆ, ಅವನ್ನೂ ಸೆಮಿನಾರಿನಲ್ಲಿ ತೋರಿಸಿ.

ಹಳೇಪೇಪರ್
ಎಲ್ ಕ್ಲಮೋರ್ ಪೂಬ್ಲಿಕೊ ಪುಟಗಳು ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡಿಜಿಟಲ್ ಲೈಬ್ರರಿಯಲ್ಲಿವೆ. ಸ್ಪ್ಯಾನಿಷ್ ಬಾರದಿದ್ದರೆ ನಿಮಗೆ ಬೇಕಾದ ಪುಟ ಯಾವುದು ಅಂತ ಇಲ್ಲಿ ಹಾಕಿ, ನನಗೆ ಗೊತ್ತಿದ್ದ ಮಟ್ಟಿಗೆ ಓದಿ ಹೇಳುತ್ತೇನೆ. ಸೆಮಿನಾರ್ ಯಾವತ್ತು?

ಸುಮಾ_ಹಾಸನ
ಮುಂದಿನ ತಿಂಗಳ ಎರಡನೇ ಶನಿವಾರ ಸರ್. ಈ ವಾರವೇ ಪುಟ ಆರಿಸಿ ಹಾಕುತ್ತೇನೆ.